ಟೌಮೆಲ್ನ್‌ಗೆ ಇಂಗ್ಲಿಷಿನಲ್ಲಿ ಯಾವ ಪದ? ಅನುವಾದಕರಿಗೆ ಒಂದು ಸಮಗ್ರ ಮಾರ್ಗದರ್ಶಿ

ಜರ್ಮನ್ ಕಲಿಕೆಯಲ್ಲಿ ಬಿ1 ಎಂಬ ಮಧ್ಯಮ ಹಂತ ದಾಟಿ ಕಥೆ, ವರದಿ, ಕ್ರೀಡಾಪುಟಗಳನ್ನು ಓದತೊಡಗಿದವರಿಗೆ ಟೌಮೆಲ್ನ್ ಎಂಬ ಕ್ರಿಯಾಪದ ಬೇಗನೆ ಎದುರಾಗುತ್ತದೆ. ಸಮತೋಲ ತಪ್ಪಿ ಅತ್ತಿತ್ತ ಓಲಾಡುವುದು, ಹಾಗೆ ಓಲಾಡುತ್ತಲೇ ಎಲ್ಲಿಗಾದರೂ ಸಾಗುವುದು ಎಂದು ಅದರ ಅರ್ಥ. ಜರ್ಮನ್-ಇಂಗ್ಲಿಷ್ ನಿಘಂಟು ತೆರೆದರೆ ಸ್ಟ್ಯಾಗರ್, ರೀಲ್, ಸ್ವೇ, ಲರ್ಚ್, ಟಂಬಲ್, ಫ್ಲಟರ್ ಎಂದು ಪದಗಳು ಅಲ್ಪವಿರಾಮಗಳ ನಡುವೆ ಸಾಲುಗಟ್ಟಿ ನಿಂತಿರುತ್ತವೆ. ಯಾವುದು ಎಲ್ಲಿಗೆ ಸಲ್ಲುತ್ತದೆ ಎಂಬುದನ್ನು ಮಾತ್ರ ಆ ಸಾಲು ಹೇಳುವುದಿಲ್ಲ. ಮೊದಲನೆಯದನ್ನು ಎತ್ತಿಕೊಂಡು ಮುಂದೆ ಸಾಗುವುದು ಎಲ್ಲರ ರೂಢಿ. ಹಾಗೆ ಮಾಡಿದರೆ ಕುಡುಕ, ಚಿಟ್ಟೆ, ದಿವಾಳಿಯಾಗುತ್ತಿರುವ ಕಂಪನಿ ಮೂವರೂ ಒಂದೇ ನಡಿಗೆ ನಡೆಯಬೇಕಾಗುತ್ತದೆ.

ಈ ಬರಹದ ವಾದ ಒಂದೇ. ಜರ್ಮನ್ ಪದಕ್ಕೆ ಸಮತೋಲ ತಪ್ಪಿದೆ ಎಂದು ಹೇಳಿದರೆ ಸಾಕು. ಇಂಗ್ಲಿಷ್ ಅಷ್ಟಕ್ಕೆ ಬಿಡುವುದಿಲ್ಲ. ಯಾತರಿಂದ ತಪ್ಪಿತು, ಒಮ್ಮೆಲೇ ತಪ್ಪಿತೋ ತುಸುತುಸುವಾಗಿಯೋ, ಕೊನೆಗೆ ಬಿದ್ದದ್ದುಂಟೋ ಎಂದೆಲ್ಲ ವಿಚಾರಿಸುತ್ತದೆ. ಆದ್ದರಿಂದ ಪದ ಹುಡುಕುವ ಮುನ್ನ ವಾಕ್ಯದೊಳಗೆ ಆ ದೇಹವನ್ನು ತಳ್ಳಿದ್ದು ಏನೆಂದು ಹುಡುಕಬೇಕು. ಅದು ಸಿಕ್ಕರೆ ಇಂಗ್ಲಿಷ್ ಪದ ತಾನಾಗಿ ಸಿಗುತ್ತದೆ. ಕನ್ನಡ ಬಲ್ಲವರಿಗೆ ಈ ಕೆಲಸದಲ್ಲಿ ಒಂದು ಅನುಕೂಲವೂ ಒಂದು ಅಪಾಯವೂ ಇವೆ. ಎರಡನ್ನೂ ಅವುಗಳ ಜಾಗದಲ್ಲಿ ನೋಡೋಣ.

ಹಂತ 1: ಪದವನ್ನು ಬಿಡಿಸಿ ನೋಡಿ

ವರ್ತಮಾನದಲ್ಲಿ ಎರ್ ಟೌಮೆಲ್ಟ್, ಭೂತಕಾಲದಲ್ಲಿ ಎರ್ ಟೌಮೆಲ್ಟೆ, ಕೃದಂತ ಗೆಟೌಮೆಲ್ಟ್. ಕ್ರಿಯಾರೂಪ ಸರಳ, ಅದರಲ್ಲಿ ತೊಡಕಿಲ್ಲ. ಗಮನಿಸಬೇಕಾದದ್ದು ಕೊನೆಯ ‘ಎಲ್ನ್’. ಟೌಮೆಲ್ನ್, ಟೊರ್ಕೆಲ್ನ್, ವಕೆಲ್ನ್, ಶೌಕೆಲ್ನ್ ಎಂದು ಅಲುಗಾಟದ ಹಲವು ಪದಗಳು ಹೀಗೇ ಮುಗಿಯುತ್ತವೆ. ಸಣ್ಣ ಚಲನೆ ಮತ್ತೆ ಮತ್ತೆ ನಡೆಯುತ್ತಿದೆ ಎಂಬುದನ್ನು ಈ ಪ್ರತ್ಯಯ ಸೂಚಿಸುತ್ತದೆ. ಇಂಗ್ಲಿಷಿನ ವಾಬಲ್, ವ್ಯಾಗಲ್, ವಾಡಲ್, ಟಾಡಲ್, ಟಂಬಲ್ ಪದಗಳ ಬಾಲದಲ್ಲಿರುವುದೂ ಇದರ ದಾಯಾದಿಯೇ.

ಕನ್ನಡದಲ್ಲಿ ಈ ಕೆಲಸವನ್ನು ‘ಆಡು’ ಮಾಡುತ್ತದೆ. ಓಲು ಎಂದರೆ ಒಮ್ಮೆ ವಾಲುವುದು, ಓಲಾಡು ಎಂದರೆ ಅದೇ ಮುಂದುವರಿಯುವುದು. ಅಲುಗು-ಅಲುಗಾಡು, ತೂಗು-ತೂಗಾಡು, ಹೊರಳು-ಹೊರಳಾಡು ಎಲ್ಲವೂ ಇದೇ ಜಾಡಿನವು. ಟೌಮೆಲ್ನ್ ಓದಿದಾಗ ಮನಸ್ಸಿಗೆ ಮೊದಲು ‘ಆಡು’ ಪದವೊಂದು ಬರಲಿ, ಬಿದ್ದ ಎಂಬ ಚಿತ್ರ ಬಾರದಿರಲಿ. ಟೌಮೆಲ್ನ್‌ನಲ್ಲಿ ಬೀಳುವ ಭಯವಿದೆ, ಬೀಳುವುದು ಕಡ್ಡಾಯವಲ್ಲ.

ಹಂತ 2: ಜಾಗ ಬದಲಾಯಿತೇ ಎಂದು ಕೇಳಿ

ಜರ್ಮನ್ ಭಾಷೆಯ ಪ್ರಸಿದ್ಧ ಡೂಡನ್ ನಿಘಂಟು ಈ ಪದದ ಅರ್ಥವನ್ನು ಇದೇ ಆಧಾರದ ಮೇಲೆ ಎರಡಾಗಿ ಒಡೆಯುತ್ತದೆ. ನಿಂತಲ್ಲೇ ಓಲಾಡುವುದು ಒಂದು, ಓಲಾಡುತ್ತಾ ಎಲ್ಲಿಗಾದರೂ ಹೋಗುವುದು ಇನ್ನೊಂದು. ನಿಂತಲ್ಲೇ ಓಲಾಡಿದರೆ ಪೂರ್ಣಭೂತಕ್ಕೆ ‘ಹಟ್’ ಎಂಬ ಸಹಾಯಕ ಕ್ರಿಯಾಪದ ಬರಬಹುದು, ‘ಇಸ್ಟ್’ ಕೂಡ ಬರಬಹುದು. ಎಲ್ಲಿಗಾದರೂ ಹೋಗಿದ್ದರೆ ‘ಇಸ್ಟ್’ ಮಾತ್ರ. ಹಾಗಾಗಿ ‘ಇಸ್ಟ್’ ಕಂಡ ಕೂಡಲೇ ಚಲನೆ ಎಂದು ತೀರ್ಮಾನಿಸಬೇಡಿ, ವಿಭಕ್ತಿ ನೋಡಿ.

‘ಎರ್ ಟೌಮೆಲ್ಟೆ ಇಮ್ ಫ್ಲೂರ್’ ಎಂದರೆ ಅವನು ಪಡಸಾಲೆಯಲ್ಲಿ ಓಲಾಡುತ್ತಿದ್ದ. ‘ಎರ್ ಟೌಮೆಲ್ಟೆ ಇನ್ ಡೆನ್ ಫ್ಲೂರ್’ ಎಂದರೆ ಓಲಾಡುತ್ತಾ ಪಡಸಾಲೆಗೆ ಬಂದ ಅಥವಾ ಹೋದ. ಮೊದಲನೆಯದರಲ್ಲಿ ಚತುರ್ಥಿ, ಎರಡನೆಯದರಲ್ಲಿ ದ್ವಿತೀಯಾ. ವ್ಯತ್ಯಾಸ ‘ಇಮ್’ ಮತ್ತು ‘ಇನ್ ಡೆನ್’ ಎಂಬ ಪುಟ್ಟ ಪದಗಳಲ್ಲಿ ಅಡಗಿದೆ. ಇಂಗ್ಲಿಷಿನಲ್ಲಿ ಅದು ಕ್ರಿಯಾಪದವನ್ನೇ ಬದಲಿಸಿಬಿಡುತ್ತದೆ. ನಿಂತಲ್ಲೇ ಓಲಾಡಿದರೆ ಸ್ವೇ: ‘ಹಿ ಸ್ವೇಡ್ ಇನ್ ದ ಕಾರಿಡಾರ್’. ಜಾಗ ಬದಲಾದರೆ ಸ್ಟ್ಯಾಗರ್: ‘ಹಿ ಸ್ಟ್ಯಾಗರ್ಡ್ ಇನ್‌ಟು ದ ಕಾರಿಡಾರ್’. ಸ್ವೇ ಪದಕ್ಕೆ ಕಾಲು ಕಿತ್ತು ಮುಂದೆ ಹೋಗುವ ಶಕ್ತಿ ಬಹಳ ಕಡಿಮೆ. ಸ್ಟ್ಯಾಗರ್ ಹೆಜ್ಜೆಯ ಪದ.

ಕನ್ನಡಿಗರಿಗೆ ಅಪಾಯವಿದೆ ಎಂದೆನಲ್ಲ, ಅದು ಇಲ್ಲಿಯೇ. ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ ಲೋಕದ ಭಾಷೆಗಳನ್ನು ಚಲನೆಯನ್ನು ಹೇಳುವ ಬಗೆಯ ಮೇಲೆ ವಿಂಗಡಿಸಿದ್ದಾರೆ. ಜರ್ಮನ್ ಮತ್ತು ಇಂಗ್ಲಿಷ್ ಎರಡೂ ಹೇಗೆ ಚಲಿಸಿದ ಎಂಬುದನ್ನು ಕ್ರಿಯಾಪದದಲ್ಲಿಟ್ಟು, ಎತ್ತ ಚಲಿಸಿದ ಎಂಬುದನ್ನು ಪಕ್ಕದ ಚಿಕ್ಕ ಪದಕ್ಕೆ ಬಿಡುತ್ತವೆ. ಕನ್ನಡದ ಕ್ರಮ ತಿರುಗಾಮುರುಗಾ. ನಮ್ಮ ಮುಖ್ಯ ಕ್ರಿಯಾಪದ ಬಂದ, ಹೋದ, ಹೊಕ್ಕ, ಇಳಿದ. ಓಲಾಡಿದ್ದು ‘ಓಲಾಡುತ್ತಾ’ ಎಂದು ಮೊದಲೇ ಬಂದು ಪಕ್ಕದಲ್ಲಿ ಕೂರುತ್ತದೆ. ಜರ್ಮನ್ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡ ಮಾಡಿಕೊಂಡು ಅಲ್ಲಿಂದ ಇಂಗ್ಲಿಷಿಗೆ ಇಳಿಸುವವರು ‘ಹಿ ಕೇಮ್ ಇನ್‌ಟು ದ ರೂಮ್ ಸ್ಟ್ಯಾಗರಿಂಗ್’ ಎಂದು ಬರೆಯುತ್ತಾರೆ. ವ್ಯಾಕರಣದ ಮೇಷ್ಟರು ಇದರಲ್ಲಿ ತಪ್ಪು ಹಿಡಿಯಲಾರರು, ಆದರೆ ಓದುವ ಕಿವಿ ಹಿಡಿಯುತ್ತದೆ. ‘ಕೇಮ್’ ತೆಗೆದುಹಾಕಿ, ಓಲಾಟವನ್ನೇ ಕ್ರಿಯಾಪದ ಮಾಡಿ.

ಅನುಕೂಲವೂ ಇಲ್ಲಿಯೇ ಇದೆ. ಜರ್ಮನ್ನಿನ ಹೆರೈನ್ ಮತ್ತು ಹಿನೈನ್ ಎರಡೂ ‘ಒಳಗೆ’ ಎಂದೇ ಹೇಳುತ್ತವೆ. ಮೊದಲನೆಯದರಲ್ಲಿ ಹೇಳುವವನು ಒಳಗಿದ್ದಾನೆ, ಎರಡನೆಯದರಲ್ಲಿ ಹೊರಗಿದ್ದಾನೆ. ‘ಟೌಮೆಲ್ಟೆ ಹೆರೈನ್’ ಎಂದರೆ ಓಲಾಡುತ್ತಾ ಒಳಗೆ ಬಂದ, ‘ಟೌಮೆಲ್ಟೆ ಹಿನೈನ್’ ಎಂದರೆ ಓಲಾಡುತ್ತಾ ಒಳಗೆ ಹೋದ. ಕನ್ನಡದಲ್ಲಿ ಇದು ಕೂದಲೆಳೆಯಷ್ಟೂ ಸೋರದೆ ಬರುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಸ್ಟ್ಯಾಗರ್ಡ್ ಇನ್’ ಒಂದೇ. ಕಥೆಯಲ್ಲಿ ಕ್ಯಾಮೆರಾ ಎಲ್ಲಿದೆ ಎಂಬುದು ಮುಖ್ಯವಾದರೆ ಇಂಗ್ಲಿಷ್ ಅನುವಾದದಲ್ಲಿ ಅದನ್ನು ಪಕ್ಕದ ವಾಕ್ಯದಲ್ಲಿ ತುಂಬಿಕೊಡಬೇಕಾಗುತ್ತದೆ. ಕೋಣೆಯೊಳಗಿನ ಒಂದು ವಸ್ತುವನ್ನೋ ಒಳಗಿದ್ದವರು ತಲೆಯೆತ್ತಿದ್ದನ್ನೋ ಮುಂದೆ ತಂದರೆ ಸಾಕು.

ಪಕ್ಕದ ಚಿಕ್ಕ ಪದಗಳನ್ನು ಯಥಾವತ್ತಾಗಿ ದಾಟಿಸಬೇಡಿ. ‘ಡುರ್ಶ್ ಡೆನ್ ಫ್ಲೂರ್’ ಎಂದರೆ ಪದಶಃ ಪಡಸಾಲೆಯ ಮೂಲಕ; ಇಂಗ್ಲಿಷಿನವರು ‘ಡೌನ್ ದ ಕಾರಿಡಾರ್’ ಎನ್ನುತ್ತಾರೆ, ನೆಲ ಇಳಿಜಾರಾಗಿರಬೇಕಿಲ್ಲ. ‘ನಾಖ್ ಹೌಸೆ’ ಬಂದರೆ ‘ಸ್ಟ್ಯಾಗರ್ಡ್ ಹೋಮ್’, ನಡುವೆ ‘ಟು’ ಬೇಡ. ‘ಔಫ್ ಡೀ ಶ್ಟ್ರಾಸೆ’ ಬಂದರೆ ‘ಔಟ್ ಇನ್‌ಟು ದ ಸ್ಟ್ರೀಟ್’. ‘ಇಸ್ಟ್ ಗೆಟೌಮೆಲ್ಟ್’ ಎಂಬ ಪೂರ್ಣಭೂತವನ್ನು ಕಥನದಲ್ಲಿ ಇಂಗ್ಲಿಷಿನ ಸಾದಾ ಭೂತಕಾಲಕ್ಕೆ ತನ್ನಿ. ‘ಹ್ಯಾಸ್ ಸ್ಟ್ಯಾಗರ್ಡ್’ ಎಂದರೆ ಕಥೆ ವರದಿಯಾಗುತ್ತದೆ.

ಹಂತ 3: ತಳ್ಳಿದ್ದು ಏನು?

ಈ ಮಾರ್ಗದರ್ಶಿಯ ಹೊಟ್ಟೆಯೆಲ್ಲ ಈ ಹಂತದಲ್ಲಿದೆ. ಜರ್ಮನ್ ವಾಕ್ಯದಲ್ಲಿ ‘ಫೋರ್’ ಎಂಬ ಪದವಿದೆಯೇ ನೋಡಿ. ‘ಫೋರ್ ಮ್ಯೂಡಿಶ್‌ಕೈಟ್’ ಎಂದರೆ ದಣಿವಿನಿಂದ, ‘ಫೋರ್ ಹುಂಗರ್’ ಎಂದರೆ ಹಸಿವಿನಿಂದ. ಅದಿಲ್ಲದಿದ್ದರೆ ಹಿಂದಿನ ಎರಡು ವಾಕ್ಯಗಳಲ್ಲಿ ಕಾರಣ ಸಿಕ್ಕೇ ಸಿಗುತ್ತದೆ.

ಹೊಡೆತದಿಂದ ಓಲಾಡಿದರೆ ರೀಲ್. ಗುದ್ದು ತಿಂದ ಬಾಕ್ಸರ್, ಕಪಾಳಕ್ಕೆ ಬಿದ್ದ ಏಟು, ಕಿವಿಗೆ ಬಿದ್ದ ಸುದ್ದಿ. ರೀಲ್ ಎಂದರೆ ತಲೆ ಸುತ್ತಿದೆ, ಲೋಕವೂ ಸುತ್ತುತ್ತಿದೆ. ‘ಡೆರ್ ಬಾಕ್ಸರ್ ಟೌಮೆಲ್ಟೆ ಇನ್ ಡೀ ಸೈಲೆ’ ಎಂಬ ಕ್ರೀಡಾವರದಿಯ ಸಾಲಿಗೆ ‘ದ ಬಾಕ್ಸರ್ ರೀಲ್ಡ್ ಇನ್‌ಟು ದ ರೋಪ್ಸ್’ ಹೇಳಿಮಾಡಿಸಿದಂತಿದೆ. ಕನ್ನಡದಲ್ಲಿ ಇದಕ್ಕೆ ಸರಿಸಾಟಿ ತತ್ತರಿಸು. ನಮ್ಮ ಪತ್ರಿಕೆಗಳು ‘ಮಳೆಗೆ ತತ್ತರಿಸಿದ ಜನ’ ಎಂದು ಬರೆಯುವಾಗ ಆ ಪದದಲ್ಲಿ ಹೊಡೆತವಿದೆ, ಹೊಡೆದದ್ದು ಯಾವುದು ಎಂಬುದೂ ಇದೆ. ಜರ್ಮನ್ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಂಡಾಗ ತತ್ತರಿಸು ಒಪ್ಪಿದರೆ ಇಂಗ್ಲಿಷಿನಲ್ಲಿ ರೀಲ್ ಒಪ್ಪುತ್ತದೆ. ಈ ಪರೀಕ್ಷೆ ಕೈಕೊಡುವುದು ಅಪರೂಪ.

ದಣಿವು, ಹೊರೆ, ಗಾಯ, ಹಸಿವು ಕಾರಣವಾದರೆ ಸ್ಟ್ಯಾಗರ್. ಈ ಪದ ಹಳೆಯ ನಾರ್ಸ್ ಭಾಷೆಯ ‘ತಳ್ಳು’ ಎಂಬರ್ಥದ ಧಾತುವಿನಿಂದ ಬಂದದ್ದು. ಅದರಲ್ಲಿ ಕಾಲಿನ ಕಷ್ಟ ಕಾಣುತ್ತದೆ: ಒಂದು ಹೆಜ್ಜೆ, ಸಾವರಿಸಿಕೊಳ್ಳುವುದು, ಇನ್ನೊಂದು ಹೆಜ್ಜೆ. ಮೂಟೆ ಹೊತ್ತವನು, ಬೆಟ್ಟ ಹತ್ತಿ ಬಂದವನು, ಗುಂಡೇಟು ತಿಂದ ಸೈನಿಕ ಎಲ್ಲರೂ ಸ್ಟ್ಯಾಗರ್ ಆಗುತ್ತಾರೆ. ಕುಡಿದವನೂ ಆಗಬಹುದು, ಆದರೆ ಕುಡಿತಕ್ಕೆ ಜರ್ಮನ್ನಿನಲ್ಲಿ ಬೇರೆಯೇ ಪದವಿದೆ. ಅದರ ಸರದಿ ಮುಂದೆ ಬರುತ್ತದೆ.

ಒಮ್ಮೆಲೇ ಒಂದು ಬದಿಗೆ ಎಳೆದಂತಾದರೆ ಲರ್ಚ್. ಇದು ಹಡಗಿನವರ ಮಾತು. ಅಲೆ ಹೊಡೆದು ಹಡಗು ಥಟ್ಟನೆ ಒಂದು ಪಕ್ಕಕ್ಕೆ ವಾಲುವುದಕ್ಕೆ ಬಳಸುತ್ತಿದ್ದದ್ದು ಆಮೇಲೆ ನೆಲಕ್ಕಿಳಿಯಿತು. ಬಸ್ ಬ್ರೇಕ್ ಹಾಕಿದಾಗ ನಿಂತವರು ಜೋಲಿ ಹೊಡೆಯುತ್ತಾರಲ್ಲ, ಆ ಜೋಲಿಯೇ ಲರ್ಚ್. ಟೌಮೆಲ್ನ್ ಪಕ್ಕದಲ್ಲಿ ‘ಪ್ಲೊಟ್ಸ್‌ಲಿಶ್’, ಅಂದರೆ ಇದ್ದಕ್ಕಿದ್ದಂತೆ ಎಂಬ ಪದ ಕಂಡರೆ ಲರ್ಚ್ ಕಡೆಗೆ ಒಲಿಯಿರಿ.

ಮುಪ್ಪು, ದೀರ್ಘ ಕಾಯಿಲೆ, ಕಾಲಿನ ಬಲಹೀನತೆಗೆ ಟಾಟರ್. ಇದರಲ್ಲಿ ಹೆಜ್ಜೆ ಚಿಕ್ಕದು, ಬೀಳುವ ಸಾಧ್ಯತೆ ಹೆಚ್ಚು. ತಪ್ಪುಹೆಜ್ಜೆ ಇಡುವ ಮಗುವಿಗೆ ಟಾಡಲ್. ಟೌಮೆಲ್ನ್ ಅನುವಾದದಲ್ಲಿ ಅದಕ್ಕೆ ಕೆಲಸ ಬೀಳುವುದು ವಿರಳ.

ರೀಲ್ ಮತ್ತು ಸ್ಟ್ಯಾಗರ್ ನಡುವಿನ ಗೆರೆ ಹೊಸದಲ್ಲ. ಬೈಬಲಿನ 107ನೆಯ ಕೀರ್ತನೆಯ 27ನೆಯ ವಚನದಲ್ಲಿ ಬಿರುಗಾಳಿಗೆ ಸಿಕ್ಕ ನಾವಿಕರು ಕುಡುಕರಂತೆ ಓಲಾಡುತ್ತಾರೆ. ಲೂಥರನ ಜರ್ಮನ್ ಬೈಬಲ್ ಅಲ್ಲಿ ಟೌಮೆಲ್ನ್ ಮತ್ತು ವಂಕೆನ್ ಎಂಬ ಎರಡು ಪದಗಳನ್ನು ಜೋಡಿಸಿದೆ; 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಅನುವಾದ ಅದೇ ಜಾಗದಲ್ಲಿ ರೀಲ್ ಮತ್ತು ಸ್ಟ್ಯಾಗರ್ ಎಂದು ಜೋಡಿಸಿದೆ. ಎರಡೂ ಹೀಬ್ರೂವಿನಿಂದ ಹೊರಟವು, ಒಂದು ಇನ್ನೊಂದರ ನಕಲಲ್ಲ. ಆದರೂ ಸುತ್ತುವ ಪದ ಮೊದಲು, ಕಾಲು ತಡವರಿಸುವ ಪದ ಆಮೇಲೆ ಎಂಬ ಕ್ರಮ ಎರಡು ಭಾಷೆಗಳಲ್ಲೂ ಒಂದೇ ಆಗಿದೆ.

ಆಸ್ಪತ್ರೆಯ ಕಾಗದಪತ್ರಗಳಲ್ಲಿ ಈ ಹಂತವನ್ನು ಪೂರ್ತಿ ಮರೆತುಬಿಡಿ. ಜರ್ಮನಿಗೆ ನರ್ಸ್ ಆಗಿ ಹೋಗುವವರು, ವೈದ್ಯಕೀಯ ವರದಿ ಅನುವಾದಿಸುವವರು ನೆನಪಿಡಬೇಕಾದ ಮಾತಿದು. ರೋಗಿ ಟೌಮೆಲ್ನ್ ಮಾಡುತ್ತಾನೆ ಎಂಬುದಕ್ಕೆ ಇಂಗ್ಲಿಷ್ ವರದಿಯಲ್ಲಿ ‘ಅನ್‌ಸ್ಟೆಡಿ ಆನ್ ಹಿಸ್ ಫೀಟ್’ ಅಥವಾ ‘ಅನ್‌ಸ್ಟೆಡಿ ಗೇಟ್’ ಸಾಕು; ಈ ಗೇಟ್ ಎಂದರೆ ನಡಿಗೆ. ಸ್ಟ್ಯಾಗರ್, ರೀಲ್ ಎರಡೂ ಕಥೆಗಾರನ ಪದಗಳು. ಇಂಥ ವರದಿಗಳಲ್ಲಿ ಜೊತೆಗೇ ಬರುವ ಪದ ಶ್ವಿಂಡೆಲ್, ಅಂದರೆ ತಲೆಸುತ್ತು. ಅದರಲ್ಲಿ ಕೋಣೆಯೇ ಗಿರಗಿರ ತಿರುಗುವಂತೆ ಅನಿಸುವುದು ಡ್ರೇಶ್ವಿಂಡೆಲ್, ದೋಣಿಯಲ್ಲಿ ನಿಂತಂತೆ ಅನಿಸುವುದು ಶ್ವಾಂಕ್‌ಶ್ವಿಂಡೆಲ್. ವೈದ್ಯರಿಗೆ ಈ ಭೇದ ರೋಗನಿರ್ಣಯದ ಸುಳಿವು, ಎರಡನ್ನೂ ಒಂದೇ ಪದದಲ್ಲಿ ಮುಗಿಸಬಾರದು. ಅಂದಹಾಗೆ ಶ್ವಿಂಡೆಲ್‌ಗೆ ಮೋಸ ಎಂಬ ಅರ್ಥವೂ ಇದೆ. ಇಂಗ್ಲಿಷಿನ ಸ್ವಿಂಡ್ಲರ್ ಇದೇ ಮನೆಯಿಂದ ಹೋದವನು. ತಲೆ ತಿರುಗುವವನಿಗೂ ತಲೆ ತಿರುಗಿಸುವವನಿಗೂ ಜರ್ಮನ್ನರು ದೂರ ಇಟ್ಟಿಲ್ಲ.

ಹಂತ 4: ಕೊನೆಗೆ ಬಿದ್ದನೇ?

ಟಂಬಲ್ ಪದ ಟೌಮೆಲ್ನ್‌ಗೆ ಹುಟ್ಟಿನಿಂದಲೇ ನೆಂಟ. ಎರಡೂ ತಿರುಗುವುದು, ಕುಣಿಯುವುದು ಎಂಬರ್ಥದ ಹಳೆಯ ಜರ್ಮಾನಿಕ್ ಪದಗಳ ಸಂತಾನ. ಕಿವಿಗೂ ಹತ್ತಿರ. ಆದ್ದರಿಂದಲೇ ಮೋಸ. ಇಂದಿನ ಇಂಗ್ಲಿಷಿನಲ್ಲಿ ಮನುಷ್ಯ ಟಂಬಲ್ ಆದ ಎಂದರೆ ಉರುಳಿಬಿದ್ದ ಎಂದೇ ಅರ್ಥ. ಮೆಟ್ಟಿಲ ಮೇಲೆ ಟೌಮೆಲ್ನ್ ಮಾಡಿದವನು ಕಂಬಿ ಹಿಡಿದು ನಿಂತುಕೊಂಡಿರಬಹುದು. ಟಂಬಲ್ ಆದವನು ಕೆಳಗಿರುತ್ತಾನೆ. ವಿಮೆಯ ದಾಖಲೆಯಲ್ಲೋ ಪೊಲೀಸ್ ಹೇಳಿಕೆಯಲ್ಲೋ ಈ ವ್ಯತ್ಯಾಸಕ್ಕೆ ಬೆಲೆಯಿದೆ.

ಸ್ಟಂಬಲ್ ಇನ್ನೊಂದು ಬಲೆ. ಅದರಲ್ಲಿ ಕಾಲಿಗೆ ಏನೋ ತಗುಲಬೇಕು, ಅಥವಾ ಹೆಜ್ಜೆ ತಪ್ಪಬೇಕು. ಜರ್ಮನ್ನಿನಲ್ಲಿ ಅದಕ್ಕೆ ಶ್ಟೊಲ್ಪರ್ನ್ ಇದೆ, ಕನ್ನಡದಲ್ಲಿ ಎಡವು, ಮುಗ್ಗರಿಸು. ಕತ್ತಲಲ್ಲಿ, ನಿದ್ದೆಗಣ್ಣಲ್ಲಿ ನಡೆಯುವವನಿಗೆ ಇಂಗ್ಲಿಷಿನವರು ಸಡಿಲವಾಗಿ ಸ್ಟಂಬಲ್ ಬಳಸುವುದುಂಟು. ಮೂಲದಲ್ಲಿ ಟೌಮೆಲ್ನ್ ಇದ್ದರೆ ಸಮಸ್ಯೆ ತಲೆಯಲ್ಲಿದೆ, ಶ್ಟೊಲ್ಪರ್ನ್ ಇದ್ದರೆ ನೆಲದಲ್ಲಿದೆ. ಇಷ್ಟು ಹಿಡಿದುಕೊಂಡರೆ ಸಾಕು.

ಹಂತ 5: ಚಲಿಸಿದ್ದು ಮನುಷ್ಯನಲ್ಲದಿದ್ದರೆ

ಜರ್ಮನ್ನಿನಲ್ಲಿ ಎಲೆ, ಚಿಟ್ಟೆ, ವಿಮಾನ, ಉಪಗ್ರಹ ಎಲ್ಲವೂ ಟೌಮೆಲ್ನ್ ಮಾಡುತ್ತವೆ. ಇಂಗ್ಲಿಷಿನಲ್ಲಿ ಚಿಟ್ಟೆ ಮತ್ತು ಎಲೆಗೆ ಫ್ಲಟರ್. ಎಲೆ ಕೆಳಗಿಳಿದರೆ ‘ಫ್ಲಟರ್ ಡೌನ್’. ವಿಮಾನ ಸ್ಥಿರತೆ ಕಳೆದುಕೊಂಡರೆ ವಾಬಲ್ ಅಥವಾ ಲರ್ಚ್, ಎಷ್ಟು ಜೋರು ಎಂಬುದರ ಮೇಲೆ. ಬಾಹ್ಯಾಕಾಶಕ್ಕೆ ಹೋದರೆ ಹಿಂದಿನ ಹಂತದಲ್ಲಿ ಹೊರಗಟ್ಟಿದ ಟಂಬಲ್ ತಲೆಯೆತ್ತಿ ವಾಪಸು ಬರುತ್ತದೆ. ನಿಯಂತ್ರಣ ತಪ್ಪಿದ ಉಪಗ್ರಹ ಇಂಗ್ಲಿಷಿನಲ್ಲಿ ಟಂಬಲ್ ಆಗುತ್ತದೆ, ಅಲ್ಲಿ ಬೀಳಲು ನೆಲವಿಲ್ಲ. ಶನಿಯ ಹೈಪೀರಿಯನ್ ಎಂಬ ಚಂದ್ರ ಸ್ಥಿರವಾದ ಅಕ್ಷವಿಲ್ಲದೆ ಅಡ್ಡಾದಿಡ್ಡಿ ತಿರುಗುತ್ತದೆ. ಅದಕ್ಕೆ ಜರ್ಮನ್ನಿನಲ್ಲಿ ಟೌಮೆಲ್ನ್, ಇಂಗ್ಲಿಷಿನಲ್ಲಿ ಟಂಬಲ್. ನೆಂಟಸ್ತಿಕೆ ಇಲ್ಲಿ ಕೆಲಸಕ್ಕೆ ಬಂತು.

ಹಂತ 6: ದೇಹವೇ ಇಲ್ಲದಿದ್ದರೆ

ಸರ್ಕಾರ ಒಂದು ಬಿಕ್ಕಟ್ಟಿನಿಂದ ಇನ್ನೊಂದಕ್ಕೆ ಟೌಮೆಲ್ನ್ ಮಾಡುತ್ತದೆ, ಕಂಪನಿ ದಿವಾಳಿಯತ್ತ ಮಾಡುತ್ತದೆ. ಜರ್ಮನ್ ಪತ್ರಿಕೆಗಳ ವಾಣಿಜ್ಯಪುಟದಲ್ಲಿ ಇಂಥ ಬಳಕೆ ಧಾರಾಳ. ‘ಫೊನ್ ಐನರ್ ಕ್ರೀಝೆ ಇನ್ ಡೀ ನೆಹ್ಸ್ಟೆ ಟೌಮೆಲ್ನ್’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಬೇರೂರಿದ ನುಡಿಗಟ್ಟೇ ಇದೆ: ‘ಲರ್ಚ್ ಫ್ರಮ್ ಒನ್ ಕ್ರೈಸಿಸ್ ಟು ದ ನೆಕ್ಸ್ಟ್’. ಮಾಡುವವರಿಗೇ ದಿಕ್ಕು ಗೊತ್ತಿಲ್ಲ ಎಂಬ ಟೀಕೆ ಲರ್ಚ್‌ನಲ್ಲಿ ಬೆರೆತಿದೆ. ಹೊರಗಿನ ಪೆಟ್ಟಿನಿಂದ ಕಂಗೆಟ್ಟಿದ್ದರೆ ಅನುಕಂಪದ ಪದವಾದ ರೀಲ್ ಹಾಕಿ.

ರೀಲ್ ಹಾಕುವಾಗ ಭಾರತೀಯರು ತಡೆದು ನೋಡಬೇಕು. ನಮ್ಮ ಇಂಗ್ಲಿಷ್ ಪತ್ರಿಕೆಗಳಲ್ಲಿ ಬರ, ವಿದ್ಯುತ್ ಕಡಿತ, ಸೆಕೆ ಬಂದಾಗಲೆಲ್ಲ ‘ರೀಲಿಂಗ್ ಅಂಡರ್’ ಎಂದಿರುತ್ತದೆ. ಬ್ರಿಟನ್ನಿನ ಓದುಗನಿಗೆ ಹೆಚ್ಚು ಪರಿಚಿತವಾದದ್ದು ‘ರೀಲಿಂಗ್ ಫ್ರಮ್’. ‘ಅಂಡರ್’ ತಪ್ಪು ಎಂದು ಹೀಗಳೆಯುವವರ ಗುಂಪಿಗೆ ನಾನು ಸೇರಿಲ್ಲ. ಹೊರೆಯ ಕೆಳಗೆ ತತ್ತರಿಸುವುದನ್ನು ಕಂಡ ನಾಡಿನ ಇಂಗ್ಲಿಷ್ ಅದು. ಆದರೆ ಯುರೋಪಿನ ಗ್ರಾಹಕನಿಗೆ ಕಳಿಸುವ ಅನುವಾದದಲ್ಲಿ ‘ಫ್ರಮ್’ ಇರಲಿ.

ವಿಶೇಷಣವಾಗಿ ಬಂದರೆ ಇನ್ನೂ ಎಚ್ಚರ. ‘ಡೀ ಟೌಮೆಲ್‌ನ್‌ಡೆ ವಿರ್ಟ್‌ಶಾಫ್ಟ್’ ಎಂದರೆ ಓಲಾಡುತ್ತಿರುವ ಅರ್ಥವ್ಯವಸ್ಥೆ. ಇದನ್ನು ‘ಸ್ಟ್ಯಾಗರಿಂಗ್ ಎಕಾನಮಿ’ ಎಂದರೆ ಕೆಟ್ಟಿತು. ನಾಮಪದಕ್ಕಿಂತ ಮೊದಲು ಬಂದ ‘ಸ್ಟ್ಯಾಗರಿಂಗ್’ ದಂಗುಬಡಿಸುವಂಥದ್ದು ಎಂಬ ಅರ್ಥಕ್ಕೆ ತಿರುಗಿಬಿಡುತ್ತದೆ. ಮುಳುಗುತ್ತಿರುವ ಅರ್ಥವ್ಯವಸ್ಥೆಗೆ ಹೊಗಳಿಕೆ ಸಿಕ್ಕಂತಾಗುತ್ತದೆ. ‘ಫಾಲ್ಟರಿಂಗ್ ಎಕಾನಮಿ’ ಎನ್ನಿ. ಮನುಷ್ಯನಿಗೂ ಇದೇ ನಿಯಮ: ಓಲಾಡುವ ವ್ಯಕ್ತಿಯನ್ನು ‘ಸ್ಟ್ಯಾಗರಿಂಗ್ ಮ್ಯಾನ್’ ಎನ್ನದೆ ಕ್ರಿಯಾಪದವನ್ನು ನಾಮಪದದ ನಂತರಕ್ಕೆ ದಾಟಿಸಿ. ಕಚೇರಿಯ ವೇಳೆಯನ್ನು ‘ಸ್ಟ್ಯಾಗರ್’ ಮಾಡುವುದು, ಅಂದರೆ ಪಾಳಿಯಂತೆ ಬೇರೆ ಬೇರೆ ಹೊತ್ತಿಗೆ ಹಂಚುವುದು, ಬೇರೆಯೇ ವಿಷಯ. ಟೌಮೆಲ್ನ್‌ಗೆ ಅದರ ಗಾಳಿಯೂ ಸೋಕಿಲ್ಲ.

ಹಂತ 7: ಸಮಾಸಪದಗಳಲ್ಲಿ ಕ್ರಿಯಾಪದವನ್ನು ಮರೆಯಿರಿ

ಟೌಮೆಲ್ ಎಂಬ ನಾಮಪದಕ್ಕೆ ತಲೆಸುತ್ತು ಎಂಬ ಅರ್ಥದ ಜೊತೆ ಅಮಲು, ಉನ್ಮಾದ ಎಂಬ ಅರ್ಥಗಳೂ ಇವೆ. ವಿಶ್ವಕಪ್ ಗೆದ್ದ ರಾತ್ರಿಯ ಬೀದಿಗಳಲ್ಲಿ ಫ್ರೊಯ್ಡೆನ್‌ಟೌಮೆಲ್, ಅಂದರೆ ಸಂತೋಷದ ಅಮಲು, ಇರುತ್ತದೆ. ಅದನ್ನು ‘ಸ್ಟ್ಯಾಗರ್ ಆಫ್ ಜಾಯ್’ ಎಂದರೆ ನಗೆಪಾಟಲು. ‘ಡಿಲೀರಿಯಸ್ ವಿತ್ ಜಾಯ್’ ಎಂದು ಗುಣವಾಚಕಕ್ಕೆ ಬದಲಿಸುವುದೇ ದಾರಿ.

ತಾಂತ್ರಿಕ ಪದಗಳಲ್ಲಿ ನಿಮ್ಮ ಜಾಣ್ಮೆಗೆ ಕೆಲಸವೇ ಇಲ್ಲ. ಹೆಲಿಕಾಪ್ಟರಿನ ರೆಕ್ಕೆಗಳ ಬುಡದಲ್ಲಿ ಒಂದು ತಟ್ಟೆಯಿದೆ. ಚಾಲಕ ಕೈಕೋಲನ್ನು ಎತ್ತ ಒತ್ತುತ್ತಾನೋ ಅತ್ತ ಅದು ವಾಲಿ, ತಿರುಗುವ ರೆಕ್ಕೆಗಳ ಕೋನವನ್ನು ಬದಲಿಸುತ್ತದೆ. ಜರ್ಮನ್ನರು ಅದನ್ನು ಟೌಮೆಲ್‌ಶೈಬೆ, ಓಲಾಡುವ ತಟ್ಟೆ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದು ಸ್ವಾಶ್‌ಪ್ಲೇಟ್, ಬೇರೆ ಯಾವ ಪದವೂ ಸಲ್ಲದು. ಬೆಂಗಳೂರಿಗೆ ಇದು ದೂರದ ಮಾತಲ್ಲ. ಎಚ್‌ಎಎಲ್ ತನ್ನ ಧ್ರುವ್ ಹೆಲಿಕಾಪ್ಟರಿನ ಕೆಲಸಕ್ಕೆ 1984ರಲ್ಲಿ ಕೈಹಾಕಿದಾಗ ವಿನ್ಯಾಸದ ನೆರವಿಗೆ ಬಂದದ್ದು ಎಂಬಿಬಿ ಎಂಬ ಜರ್ಮನ್ ಸಂಸ್ಥೆ. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಿಗೆ ಬರುವ ಯಂತ್ರಗಳ ಕೈಪಿಡಿಗಳಲ್ಲಿ ಟೌಮೆಲ್‌ನೀಟೆನ್ ಕಂಡೀತು. ಉಪಕರಣದ ತುದಿಯನ್ನು ಓರೆಯಾಗಿ ಸುತ್ತಿಸುತ್ತಾ ರಿವೆಟ್ಟಿನ ತಲೆಯನ್ನು ಮೆಲ್ಲಗೆ ಹರಡುವ ವಿಧಾನ ಅದು. ಇಂಗ್ಲಿಷಿನಲ್ಲಿ ಆರ್ಬಿಟಲ್ ರಿವೆಟಿಂಗ್. ಇಂಥ ಕಡೆ ಸಾಮಾನ್ಯ ನಿಘಂಟನ್ನು ಮುಚ್ಚಿ ಆ ಕ್ಷೇತ್ರದ ಪದಕೋಶವನ್ನೇ ತೆರೆಯಬೇಕು.

ಜೀವಲೋಕದ ಎರಡು ಪದಗಳನ್ನು ಬರಿಯ ಸೊಗಸಿಗಾಗಿ ಹೇಳುತ್ತೇನೆ. ಕೆರೆಯ ನೀರಿನ ಮೇಲೆ ಗಿರಕಿ ಹೊಡೆಯುವ ಕಪ್ಪು ಹೊಳಪಿನ ಜೀರುಂಡೆ ಟೌಮೆಲ್‌ಕೇಫರ್, ಇಂಗ್ಲಿಷಿನಲ್ಲಿ ವರ್ಲಿಗಿಗ್ ಬೀಟಲ್. ಗೋಧಿಯ ನಡುವೆ ಗೋಧಿಯಂತೆಯೇ ಬೆಳೆದು, ಕಾಳಿನೊಂದಿಗೆ ಹಿಟ್ಟಾಗಿ, ತಿಂದವರಿಗೆ ಅಮಲು ಹತ್ತಿಸುವ ಕಳೆ ಟೌಮೆಲ್‌ಲೊಲ್ಶ್, ಇಂಗ್ಲಿಷಿನಲ್ಲಿ ಡಾರ್ನೆಲ್. ಅದರ ಶಾಸ್ತ್ರೀಯ ಹೆಸರಿನ ಎರಡನೆಯ ಭಾಗವಾದ ಟೆಮ್ಯುಲೆಂಟಮ್ ಕೂಡ ಕುಡಿದು ಮತ್ತೇರಿದ ಎಂಬರ್ಥದ ಲ್ಯಾಟಿನ್ ಪದವೇ.

ಹಂತ 8: ನೆರೆಮನೆಯ ಪದಗಳಿಂದ ಬೇರ್ಪಡಿಸಿ

ಇಂಗ್ಲಿಷ್ ಪದ ಆರಿಸಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಜರ್ಮನ್ ಲೇಖಕ ಬೇರೆ ಪದವಿದ್ದೂ ಟೌಮೆಲ್ನ್ ಅನ್ನೇ ಏಕೆ ಬಳಸಿದ?

ಕುಡುಕನಿಗೆ ಮೀಸಲಾದದ್ದು ಟೊರ್ಕೆಲ್ನ್, ಕನ್ನಡದಲ್ಲಿ ತೂರಾಡು. ಇದರ ಹುಟ್ಟೇ ಮದ್ಯದಲ್ಲಿದೆ. ದ್ರಾಕ್ಷಿ ಹಿಂಡುವ ಗಾಣಕ್ಕೆ ಲ್ಯಾಟಿನ್ನಿನಲ್ಲಿ ಟೊರ್ಕ್ಯುಲುಮ್. ಬೋಡನ್ ಸರೋವರದ ಸುತ್ತಿನ ದ್ರಾಕ್ಷಿಸೀಮೆಯಲ್ಲಿ ಹಳೆಯ ಗಾಣಗಳನ್ನು ಇಂದಿಗೂ ಟೊರ್ಕೆಲ್ ಎನ್ನುತ್ತಾರೆ. ಗಾಣ ಓರೆಕೋರೆಯಾಗಿ ತೊನೆದಂತೆ ನಡೆಯುವುದೇ ಟೊರ್ಕೆಲ್ನ್. ಲೇಖಕ ಇದನ್ನು ಬಿಟ್ಟು ಟೌಮೆಲ್ನ್ ಬಳಸಿದ್ದರೆ, ಪಾತ್ರ ಕುಡಿದಿದ್ದಾನೆ ಎಂಬುದನ್ನು ಬಹುಶಃ ಹೇಳಲು ಬಯಸಿಲ್ಲ. ಇಂಗ್ಲಿಷಿನಲ್ಲಿ ‘ಡ್ರಂಕನ್‌ಲಿ’ ಎಂದು ನೀವಾಗಿ ಹಚ್ಚಬೇಡಿ.

ಶ್ವಂಕೆನ್ ಬಹಳ ವಿಸ್ತಾರವಾದ ಪದ. ಗಾಳಿಗೆ ಮರ ತೊನೆದರೆ ಸ್ವೇ, ಬೆಲೆ ಏರಿಳಿದರೆ ಫ್ಲಕ್ಚುಯೇಟ್, ಮನಸ್ಸು ಹೊಯ್ದಾಡಿದರೆ ವೇವರ್. ಟೌಮೆಲ್ನ್‌ಗೆ ಈ ಏರಿಳಿತದ, ಹೊಯ್ದಾಟದ ಅರ್ಥಗಳಿಲ್ಲ. ಬೆಲೆಗಳ ಬಗ್ಗೆ ಅದು ಬಂದರೆ ಕುಸಿತದ ಭಯವಿದೆ ಎಂದು ತಿಳಿಯಿರಿ. ವಂಕೆನ್ ಗಂಭೀರ ಪದ: ನಂಬಿಕೆ, ಸಿಂಹಾಸನ, ಕೋಟೆಗೋಡೆ ಅಲುಗಿದಾಗ ಬರುತ್ತದೆ. ವಕೆಲ್ನ್ ಮನೆಯ ಪದ. ಕುರ್ಚಿಯ ಕಾಲು, ಮಗುವಿನ ಹಲ್ಲು, ಸಡಿಲವಾದ ಪ್ಲಗ್. ಅದಕ್ಕೆ ವಾಬಲ್. ಶ್ಲಿಂಗರ್ನ್ ಹಡಗಿಗೂ ಕಾರಿಗೂ ಸೇರಿದ್ದು, ಹಡಗಾದರೆ ರೋಲ್, ಕಾರಾದರೆ ಸ್ವರ್ವ್.

ಕನ್ನಡದಲ್ಲೂ ಇಷ್ಟೇ ವೈವಿಧ್ಯವಿದೆ ಎಂದು ನೋಡಬೇಕಿದ್ದರೆ ಕಿಟ್ಟೆಲ್ ನಿಘಂಟು ತಿರುವಿ. 1894ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೊರತಂದ ಆ ಗ್ರಂಥದಲ್ಲಿ ಜರ್ಮನ್ ಮನೆಮಾತಿನ ಫರ್ಡಿನಾಂಡ್ ಕಿಟ್ಟೆಲ್ ಕನ್ನಡದ ಓಲಾಟಗಳಿಗೆಲ್ಲ ಇಂಗ್ಲಿಷ್ ಅರ್ಥ ಹುಡುಕಿದ್ದಾರೆ. ನಾವೀಗ ಕಾಯುತ್ತಿರುವ ಮೂರು ಭಾಷೆಗಳ ಗಡಿಯನ್ನೇ ಅವರೂ ಇನ್ನೊಂದು ದಿಕ್ಕಿನಿಂದ ಕಾದವರು.

ಹಂತ 9: ಆರಿಸಿದ್ದನ್ನು ಪರೀಕ್ಷಿಸಿ

ಬರ್ಲಿನ್-ಬ್ರಾಂಡೆನ್‌ಬುರ್ಗ್ ವಿಜ್ಞಾನ ಅಕಾಡೆಮಿಯ ಡಿಡಬ್ಲ್ಯುಡಿಎಸ್ ಎಂಬ ಅಂತರ್ಜಾಲ ನಿಘಂಟಿನಲ್ಲಿ ಪದವನ್ನು ಹುಡುಕಿದರೆ ಅದು ಯಾವ ಕರ್ತೃವಿನೊಂದಿಗೆ, ಯಾವ ವಿಭಕ್ತಿಯೊಂದಿಗೆ ಹೆಚ್ಚು ಬರುತ್ತದೆ ಎಂಬ ಪಟ್ಟಿ ಉಚಿತವಾಗಿ ಸಿಗುತ್ತದೆ. ಇಂಗ್ಲಿಷ್ ಬದಿಗೆ ಆಕ್ಸ್‌ಫರ್ಡ್, ಲಾಂಗ್‌ಮನ್, ಕೇಂಬ್ರಿಜ್‌ನವರ ಕಲಿಯುವವರ ನಿಘಂಟುಗಳು ದೊಡ್ಡ ನಿಘಂಟುಗಳಿಗಿಂತ ಉಪಯುಕ್ತ, ಏಕೆಂದರೆ ಪದದ ಜೊತೆ ಬರುವ ಚಿಕ್ಕ ಪದಗಳನ್ನು ಅವು ದಪ್ಪಕ್ಷರದಲ್ಲಿ ಕೊಡುತ್ತವೆ. ಲಿಂಗ್ವೀ ತಾಣದಲ್ಲಿ ಎರಡು ಭಾಷೆಯ ವಾಕ್ಯಗಳು ಜೋಡಿಯಾಗಿ ಸಿಗುತ್ತವೆ, ಆದರೆ ಅಲ್ಲಿನ ಅನುವಾದಗಳ ಗುಣಮಟ್ಟ ಒಂದೇ ಸಮನಾಗಿಲ್ಲ. ಮೂಲ ಇಂಗ್ಲಿಷಾಗಿದ್ದ ಜೋಡಿಗಳನ್ನು ಹೆಚ್ಚು ನಂಬಿ. ಯಂತ್ರಾನುವಾದ ಬಳಸುವುದಾದರೆ ಒಂಟಿ ವಾಕ್ಯ ಕೊಡಬೇಡಿ. ಹೊಡೆತದ ಸುಳಿವು ಹಿಂದಿನ ವಾಕ್ಯದಲ್ಲಿದ್ದರೆ ಅದನ್ನೂ ಸೇರಿಸಿ ಇಡೀ ಪ್ಯಾರಾ ಕೊಡಿ.

ಹಂತ 10: ನಾಲ್ಕು ವಾಕ್ಯಗಳ ಮೇಲೆ ಕೈ ಪಳಗಿಸಿ

ಒಬ್ಬನ ರೈಲುಪ್ರಯಾಣದ ಕೊನೆಯನ್ನು ಹೇಳುವ ನಾಲ್ಕು ಜರ್ಮನ್ ವಾಕ್ಯಗಳಿವೆ ಎಂದುಕೊಳ್ಳಿ. ಅಭ್ಯಾಸಕ್ಕೆಂದೇ ನಾಲ್ಕರಲ್ಲೂ ಟೌಮೆಲ್ನ್ ಇಟ್ಟಿದ್ದೇನೆ.

‘ಎರ್ ಟೌಮೆಲ್ಟೆ ಔಸ್ ಡೆಮ್ ತ್ಸೂಗ್.’ ಜಾಗ ಬದಲಾಗಿದೆ, ಹೊಡೆತವಿಲ್ಲ, ಬಿದ್ದಿಲ್ಲ. ‘ಹಿ ಸ್ಟ್ಯಾಗರ್ಡ್ ಆಫ್ ದ ಟ್ರೇನ್.’ ಜರ್ಮನ್ನಿನ ‘ಔಸ್’ ಒಳಗಿನಿಂದ ಎನ್ನುತ್ತದೆ, ಇಂಗ್ಲಿಷಿನವರು ರೈಲಿನಿಂದ ‘ಆಫ್’ ಆಗುತ್ತಾರೆ.

‘ಫೋರ್ ಮ್ಯೂಡಿಶ್‌ಕೈಟ್ ಟೌಮೆಲ್ಂಡ್, ಝೂಖ್ಟೆ ಎರ್ ಡೆನ್ ಔಸ್‌ಗಾಂಗ್.’ ದಣಿವಿನಿಂದ ಓಲಾಡುತ್ತಾ ಹೊರಬಾಗಿಲು ಹುಡುಕಿದ. ಕಾರಣ ದಣಿವು, ಹಾಗಾಗಿ ಸ್ಟ್ಯಾಗರ್ ಆಗಬಹುದಿತ್ತು. ಆದರೆ ದಿಕ್ಕಿನ ಪದವಿಲ್ಲ, ಅವನು ನಿಂತು ಅತ್ತಿತ್ತ ನೋಡುತ್ತಿದ್ದಾನೆ. ‘ಸ್ವೇಯಿಂಗ್ ವಿತ್ ಟಯರ್ಡ್‌ನೆಸ್’ ಎನ್ನುವುದೇ ಸರಿ. ‘ಫೋರ್’ ಇಲ್ಲಿ ‘ವಿತ್’ ಆಯಿತು ಎಂಬುದನ್ನು ಗಮನಿಸಿ.

‘ಐನ್ ಬ್ಲಾಟ್ ಟೌಮೆಲ್ಟೆ ಈಮ್ ಫೋರ್ ಡೀ ಫ್ಯೂಸೆ.’ ಒಂದು ಎಲೆ ಅವನ ಕಾಲಬಳಿ ಬಂದಿಳಿಯಿತು. ‘ಎ ಲೀಫ್ ಫ್ಲಟರ್ಡ್ ಡೌನ್ ಅಟ್ ಹಿಸ್ ಫೀಟ್.’ ಈ ‘ಫೋರ್’ ಹಿಂದಿನ ವಾಕ್ಯದ ‘ಫೋರ್’ ಅಲ್ಲ. ಕಾರಣವನ್ನಲ್ಲ, ಎಲ್ಲಿಗೆ ಬಂತು ಎಂಬುದನ್ನು ಹೇಳುತ್ತದೆ, ಆದ್ದರಿಂದಲೇ ದ್ವಿತೀಯಾ ವಿಭಕ್ತಿ.

‘ಡೀ ನಾಖ್ರಿಶ್ಟ್ ಲೀಸ್ ಈನ್ ಟೌಮೆಲ್ನ್.’ ಸುದ್ದಿ ಅವನನ್ನು ತತ್ತರಿಸುವಂತೆ ಮಾಡಿತು. ‘ದ ನ್ಯೂಸ್ ಸೆಂಟ್ ಹಿಮ್ ರೀಲಿಂಗ್.’ ‘ಮೇಡ್ ಹಿಮ್ ರೀಲ್’ ಎಂದರೂ ಅರ್ಥವಾಗುತ್ತದೆ, ಆದರೆ ‘ಸೆಂಟ್’ ಇರುವುದೇ ಇಂಗ್ಲಿಷಿನ ಸಹಜ ಜೋಡಿ.

ನಾಲ್ಕು ಟೌಮೆಲ್ನ್‌ಗೆ ನಾಲ್ಕು ಬೇರೆ ಪದಗಳು ಬಂದವು. ವರದಿ, ಕೈಪಿಡಿ, ಸಾದಾ ಕಥನಕ್ಕೆ ಇದೇ ಸರಿ. ಆದರೆ ಲೇಖಕ ಬೇಕೆಂದೇ ಒಂದೇ ಪದವನ್ನು ಮತ್ತೆ ಮತ್ತೆ ಮೀಟಿದ್ದಾನೆ, ಎಲೆಯೂ ಮನುಷ್ಯನೂ ಒಂದೇ ರೀತಿ ಓಲಾಡಬೇಕೆಂಬುದು ಅವನ ಇಚ್ಛೆ ಎಂದು ನಿಮಗೆ ಖಚಿತವಾದರೆ, ಮೇಲಿನ ನಿಯಮಗಳನ್ನು ಮುರಿಯಬೇಕಾಗುತ್ತದೆ. ಆಗ ಸ್ಟ್ಯಾಗರ್ ಒಂದನ್ನೇ ಹಿಡಿದು ನಾಲ್ಕೂ ವಾಕ್ಯ ದಾಟಿಸಿ. ಮೊದಲೆರಡು ಸಲೀಸಾಗಿ ದಾಟುತ್ತವೆ. ‘ದ ನ್ಯೂಸ್ ಸ್ಟ್ಯಾಗರ್ಡ್ ಹಿಮ್’ ಎಂಬುದೂ ಒಳ್ಳೆಯ ಇಂಗ್ಲಿಷೇ. ಎಲೆಗೆ ಸ್ಟ್ಯಾಗರ್ ಹಚ್ಚಿದಾಗ ಇಂಗ್ಲಿಷ್ ಸಂಪಾದಕರು ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸುತ್ತಾರೆ. ಮೂಲದ ನಾಲ್ಕೂ ಸಾಲುಗಳನ್ನು ಪಕ್ಕದಲ್ಲಿ ಬರೆದು, ಕಾರಣ ಹೇಳಿ, ಪದವನ್ನು ಹಾಗೆಯೇ ಉಳಿಸಿಕೊಳ್ಳಿ.